ಸಂಸ್ಥೆ ಬಿಟ್ಟು ಜೀವವಿಜ್ಞಾನ, ಬರವಣಿಗೆ ನಂಬಿ ಬದುಕು: ಸಾಧ್ಯವೇ?

ಪ್ರಶ್ನೆ: ನನಗೆ 34 ವರ್ಷ. ಕೀಟಗಳ ವರ್ತನೆಯ ಮೇಲೆ ಪಿಎಚ್.ಡಿ. ಮಾಡಿದ್ದೇನೆ. ಈಗಿನದು ಎರಡನೇ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ. ಇನ್ನು ಎಂಟು ತಿಂಗಳಿಗೆ ಪ್ರಾಜೆಕ್ಟ್ ಮುಗಿಯುತ್ತದೆ. ಕಾಯಂ ಕೆಲಸಕ್ಕೆ ಹಾಕಿದ ಅರ್ಜಿಗಳಿಗೆಲ್ಲ ‘ಇಲ್ಲ’ ಅಂತಲೇ ಉತ್ತರ. ಎರಡು ವರ್ಷದಿಂದ ಪತ್ರಿಕೆಗಳಿಗೆ ವಿಜ್ಞಾನ ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಸಿಗುವ ಖುಷಿ ಈಗ ಲ್ಯಾಬಿನಲ್ಲಿ ಸಿಗುತ್ತಿಲ್ಲ. ಆದರೆ ಸಂಶೋಧನೆ ಬಿಡಲು ಮನಸ್ಸಿಲ್ಲ. ಮನೆಯ ಬಾಲ್ಕನಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳನ್ನು ಐದು ವರ್ಷದಿಂದ ನೋಡಿ ಬರೆದಿಟ್ಟಿದ್ದೇನೆ. ನಾಲ್ಕು ನೋಟ್‌ಬುಕ್ ತುಂಬಿವೆ. ‘ಒಮ್ಮೆ ಹೊರಗೆ ಹೋದವರು ಮತ್ತೆ ಒಳಗೆ ಬರಲ್ಲ, ಜನಪ್ರಿಯ ಬರಹ ಸಂಶೋಧನೆಯಲ್ಲಿ ಸೋತವರ ಕೆಲಸ’ ಎನ್ನುತ್ತಾರೆ ನನ್ನ ಗೈಡ್. ‘ಒಂದು ಪುಸ್ತಕ ಗೆದ್ದರೆ ಸಾಕು, ಜೀವನ ಸೆಟ್ಲ್’ ಎನ್ನುತ್ತಾಳೆ ಗೆಳತಿ. ಗಂಡನಿಗೆ ಕೆಲಸವಿದೆ. ಮಗುವಿಗೆ ನಾಲ್ಕು ವರ್ಷ. ಸಂಸ್ಥೆಯ ಹೆಸರಿಲ್ಲದೆ ವಿಜ್ಞಾನ ಮಾಡಲು ಆಗುತ್ತದಾ? ಬರೆದು ಬದುಕಲು ಆಗುತ್ತದಾ? ಆ ನೋಟ್‌ಬುಕ್‌ಗಳಿಗೆ ಏನಾದರೂ ಬೆಲೆ ಇದೆಯಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಲಸ ಬಿಡಲೋ ಬೇಡವೋ ಎಂಬ ಒಂದೇ ಪ್ರಶ್ನೆಯಂತೆ ಕಂಡರೂ ಒಳಗೆ ಮೂರು ಇವೆ. ಹೊರಗೆ ನಿಂತು ವಿಜ್ಞಾನ ಮಾಡಬಹುದೇ, ಇದು ಮೊದಲನೆಯದು. ಬರವಣಿಗೆ ಮನೆ ನಡೆಸುತ್ತದೆಯೇ, ಇದು ಎರಡನೆಯದು. ಮೂರನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಸಾಲುಸಾಲಿನಲ್ಲೂ ಇದೆ: ಬಿಟ್ಟರೆ ನಾನು ಸೋತ ಹಾಗಾ? ಮೂರನ್ನೂ ಒಟ್ಟಿಗೆ ಕಲಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಸಂಸ್ಥೆ ಬಿಟ್ಟು ಹತ್ತೊಂಬತ್ತು ವರ್ಷ ಆಯಿತು. ಅಂದಿನಿಂದ ಇಂದಿನವರೆಗೂ ನನ್ನದು ಇದೇ ಕೆಲಸ: ಒಂದಿಷ್ಟು ಸಂಶೋಧನೆ, ಒಂದಿಷ್ಟು ಬರಹ, ಇವೆರಡನ್ನೂ ಸಾಕಲು ಇನ್ನೊಂದಿಷ್ಟು ಬೇರೆ ದುಡಿಮೆ.

ಮೂರನೆಯದನ್ನು ಮೊದಲು ಮುಗಿಸೋಣ. ಒಬ್ಬ ಪ್ರಾಧ್ಯಾಪಕರು ತಮ್ಮ ಇಡೀ ಸೇವೆಯಲ್ಲಿ ಎಷ್ಟೋ ಜನರಿಗೆ ಪಿಎಚ್.ಡಿ. ಮಾಡಿಸುತ್ತಾರೆ. ಅವರು ನಿವೃತ್ತರಾದಾಗ ಖಾಲಿಯಾಗುವುದು ಒಂದೇ ಕುರ್ಚಿ. ಹೊಸ ಕುರ್ಚಿಗಳು ಅದೇ ವೇಗದಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಪಿಎಚ್.ಡಿ. ಮುಗಿಸಿದ ಹೆಚ್ಚಿನವರಿಗೆ ಕಾಯಂ ಸಂಶೋಧನಾ ಹುದ್ದೆ ಸಿಗುವುದೇ ಇಲ್ಲ. ಇದು ಲೆಕ್ಕದ ಮಾತು. ನಿಮ್ಮ ಅರ್ಜಿಗಳಿಗೆ ಬಂದ ‘ಇಲ್ಲ’ಗಳಲ್ಲಿ ನಿಮ್ಮ ಯೋಗ್ಯತೆಯ ಬಗ್ಗೆ ಹೇಳುವುದು ಎಷ್ಟು, ಈ ಲೆಕ್ಕದ ಬಗ್ಗೆ ಹೇಳುವುದು ಎಷ್ಟು ಅಂತ ಬಿಡಿಸಿ ನೋಡಲು ಯಾರಿಂದಲೂ ಆಗುವುದಿಲ್ಲ. ಹಾಗಿರುವಾಗ ಇಡೀ ತಪ್ಪನ್ನು ನಿಮ್ಮ ತಲೆ ಮೇಲೆ ಹಾಕಿಕೊಳ್ಳಬೇಡಿ.

ಇನ್ನು ಗೈಡ್ ಹೇಳಿದ ಮಾತು. ಜನಪ್ರಿಯ ಬರಹದ ಬಗ್ಗೆ ವಿಜ್ಞಾನಿಗಳಲ್ಲಿ ಒಂದು ಅಸಡ್ಡೆ ಇರುವುದು ನಿಜ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರನ್ನು 1992ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಸದಸ್ಯರಾಗಿ ಒಪ್ಪಲಿಲ್ಲ. ಟಿವಿ ಮತ್ತು ಪುಸ್ತಕಗಳಿಂದ ಬಂದ ಜನಪ್ರಿಯತೆಯೇ ಅದಕ್ಕೆ ಕಾರಣ ಎಂದು ಅವರ ಜೊತೆಯವರೇ ಹಲವರು ನಂಬಿದ್ದರು. ಎರಡು ವರ್ಷದ ನಂತರ ಅದೇ ಅಕಾಡೆಮಿ ಜನರಿಗೆ ವಿಜ್ಞಾನ ತಲುಪಿಸಿದ್ದಕ್ಕಾಗಿ ಅವರಿಗೆ ಪದಕ ಕೊಟ್ಟಿತು. ಆದರೆ ‘ಸೋತವರ ಕೆಲಸ’ ಎನ್ನುವುದು ಸುಳ್ಳು. ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜನರ ಜೊತೆ ಮಾತಾಡುವ ವಿಜ್ಞಾನಿಗಳೇ ಸಂಶೋಧನೆಯಲ್ಲೂ ಹೆಚ್ಚು ಚುರುಕಾಗಿರುವುದು ಕಂಡಿತ್ತು. ಬರೆದಿದ್ದರಿಂದ ಚುರುಕಾದರೋ, ಚುರುಕಾಗಿದ್ದವರೇ ಬರೆದರೋ, ಅದು ಬೇರೆ ಮಾತು. ಸೋತವರು ಮಾತ್ರ ಬರೆಯುತ್ತಾರೆ ಎನ್ನುವುದಂತೂ ಅಲ್ಲಿ ಕಾಣಲಿಲ್ಲ.

‘ಹೊರಗೆ ಹೋದವರು ಒಳಗೆ ಬರಲ್ಲ’ ಎನ್ನುವುದರಲ್ಲಿ ಅರ್ಧ ನಿಜ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆಯ್ಕೆ ಸಮಿತಿ ನೋಡುವುದು ಇತ್ತೀಚಿನ ಸಂಶೋಧನಾ ಪೇಪರ್‌ಗಳನ್ನು. ಮೂರು ನಾಲ್ಕು ವರ್ಷ ಒಂದೂ ಪೇಪರ್ ಇಲ್ಲದಿದ್ದರೆ, ನಿಮ್ಮ ಲೇಖನಗಳನ್ನು ಎಷ್ಟು ಸಾವಿರ ಜನ ಓದಿದ್ದರೂ ಆ ಅಂಕಣ ಖಾಲಿಯೇ. ಜೀನ್, ಪ್ರೋಟೀನ್ ಅಂತ ದೊಡ್ಡ ಯಂತ್ರಗಳ ಮೇಲೆ ಕೆಲಸ ಮಾಡುವವರಿಗೆ ವಾಪಸ್ಸಾಗುವುದು ನಿಜಕ್ಕೂ ಕಷ್ಟ, ಏಕೆಂದರೆ ವಿಧಾನಗಳೇ ಬದಲಾಗಿರುತ್ತವೆ. ನಿಮ್ಮದು ವರ್ತನೆಯ ಅಧ್ಯಯನ. ವರ್ಷಕ್ಕೆ ಒಂದು ಸಣ್ಣ, ಗಟ್ಟಿ ಪೇಪರ್ ಬರೆಯುತ್ತಿದ್ದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಸಂಸ್ಥೆಯ ಹೊರಗೆ ದೊಡ್ಡ ವಿಜ್ಞಾನ ಮಾಡಿದವರ ಹೆಸರು ಹೇಳಿ ಅಂದರೆ ಎಲ್ಲರೂ ಡಾರ್ವಿನ್ ಹೆಸರು ಹೇಳುತ್ತಾರೆ. ಹೌದು, ಅವರು ಯಾವ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಲಿಲ್ಲ. ಆದರೆ ಅವರ ಹಿಂದೆ ಅಪ್ಪನ ಆಸ್ತಿ ಇತ್ತು. ಪೀಟರ್ ಮಿಚೆಲ್ ಎಂಬ ಜೀವರಸಾಯನ ವಿಜ್ಞಾನಿ ಆರೋಗ್ಯ ಕೆಟ್ಟು 1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಬಿಟ್ಟರು. ಹಳ್ಳಿಯ ಒಂದು ಹಳೇ ಬಂಗಲೆಯನ್ನು ರಿಪೇರಿ ಮಾಡಿಸಿ ಅಲ್ಲೇ ಲ್ಯಾಬ್ ಕಟ್ಟಿಕೊಂಡರು. 1978ರಲ್ಲಿ ಅವರಿಗೆ ನೊಬೆಲ್ ಬಂತು. ಅಲ್ಲೂ ಮನೆತನದ ಹಣವೇ ಆಸರೆ. ಇಂಥವರ ಕಥೆ ಓದಿ ಸ್ಫೂರ್ತಿ ಪಡೆಯಿರಿ, ಆದರೆ ಲೆಕ್ಕ ಹಾಕುವಾಗ ಬದಿಗಿಡಿ.

ನಿಮಗೆ ನಾನು ಹೇಳಬೇಕೆಂದಿರುವ ಹೆಸರು ಮಾರ್ಗರೆಟ್ ಮೋರ್ಸ್ ನೈಸ್. ಅಮೆರಿಕದವರು. ಪಿಎಚ್.ಡಿ. ಇರಲಿಲ್ಲ, ಹುದ್ದೆ ಇರಲಿಲ್ಲ, ಐದು ಹೆಣ್ಣುಮಕ್ಕಳ ತಾಯಿ. 1928ರಿಂದ ಸುಮಾರು ಎಂಟು ವರ್ಷ, ಒಹಾಯೋದ ಕೊಲಂಬಸ್ ನಗರದಲ್ಲಿ ಮನೆ ಹತ್ತಿರದ ನದಿ ಬಯಲಿನಲ್ಲಿ ಹಾಡುಗುಬ್ಬಿಗಳನ್ನು ನೋಡಿದರು. ಒಂದೊಂದು ಹಕ್ಕಿಯ ಕಾಲಿಗೂ ಬಣ್ಣದ ಬಳೆ ತೊಡಿಸಿ, ಯಾವುದು ಯಾವ ಜಾಗ ಹಿಡಿಯಿತು, ಯಾರ ಜೊತೆ ಕೂಡಿತು, ಎಷ್ಟು ಮರಿ ಉಳಿಯಿತು ಅಂತ ವರ್ಷಗಟ್ಟಲೆ ಬರೆದರು. 1937 ಮತ್ತು 1943ರಲ್ಲಿ ಬಂದ ಅವರ ಎರಡು ಸಂಪುಟಗಳು ಹಕ್ಕಿಗಳ ವರ್ತನೆಯ ಅಧ್ಯಯನದ ದಾರಿಯನ್ನೇ ತಿರುಗಿಸಿದವು. ಬಣ್ಣದ ಬಳೆ, ಬೈನಾಕ್ಯುಲರ್, ನೋಟ್‌ಬುಕ್. ಇದಕ್ಕಿಂತ ಜಾಸ್ತಿ ಸಲಕರಣೆ ಬೇಕಾಗಲಿಲ್ಲ. ಬೇಕಾಗಿದ್ದು ಎಂಟು ವರ್ಷ.

ಈ ಎಂಟು ವರ್ಷವೇ ಹೊರಗಿನವರ ಆಸ್ತಿ. ಪ್ರಾಜೆಕ್ಟ್ ಹಣ ಬರುವುದು ಎರಡೋ ಮೂರೋ ವರ್ಷಕ್ಕೆ. ಅಷ್ಟರೊಳಗೆ ಫಲಿತಾಂಶ ತೋರಿಸಬೇಕು. ಹಾಗಾಗಿ ಒಳಗಿರುವವರು ಆ ಅವಧಿಯಲ್ಲಿ ಮುಗಿಯುವ ಪ್ರಶ್ನೆಗಳನ್ನೇ ಆರಿಸುತ್ತಾರೆ. ಅವರಿಗೆ ಯಂತ್ರವಿದೆ, ಸಹಾಯಕರಿದ್ದಾರೆ, ಲೈಬ್ರರಿ ಇದೆ. ಒಂದೇ ಗೋಡೆಯನ್ನು ಹತ್ತು ವರ್ಷ ನೋಡುವ ಪುರುಸೊತ್ತು ಮಾತ್ರ ಇಲ್ಲ. ನೀವು ಅವರ ಜೊತೆ ಅವರ ಅಂಗಳದಲ್ಲಿ ಪೈಪೋಟಿಗೆ ಇಳಿದರೆ ಸೋಲುತ್ತೀರಿ. ನಿಧಾನವಾಗಿ ಮಾತ್ರ ಸಿಗುವ ಉತ್ತರಗಳಿಗೆ ಕೈಹಾಕಿ.

ಯಾವುದು ಆಗುವುದಿಲ್ಲ ಅಂತಲೂ ತಿಳಿದಿರಲಿ. ಕೋಶಗಳನ್ನು ಬೆಳೆಸುವುದು, ಅಪಾಯಕಾರಿ ಸೂಕ್ಷ್ಮಜೀವಿಗಳ ಮೇಲೆ ಕೆಲಸ, ಇಲಿಗಳ ಮೇಲೆ ಪ್ರಯೋಗ, ಮನುಷ್ಯರಿಂದ ರಕ್ತದ ಮಾದರಿ ತೆಗೆಯುವುದು: ಇವೆಲ್ಲ ಮನೆಯಿಂದ ಸಾಧ್ಯವಿಲ್ಲ, ಪ್ರಯತ್ನ ಮಾಡಲೂ ಬಾರದು. ಹಣದ ಕೊರತೆ ಒಂದು ಕಾರಣ. ಸುರಕ್ಷತೆ ಮತ್ತು ನೈತಿಕತೆ ನೋಡುವ ಸಮಿತಿಗಳ ಒಪ್ಪಿಗೆ ಇನ್ನೂ ದೊಡ್ಡ ಕಾರಣ. ಆಗುವಂಥವು ಕೂಡ ಬೇಕಾದಷ್ಟಿವೆ. ಹೊಲ, ಕಾಡು, ಕೆರೆಯಲ್ಲಿ ಕೂತು ನೋಡುವ ಕೆಲಸ ಇದೆ. ಪ್ರಭೇದಗಳನ್ನು ಗುರುತಿಸುವ, ವಿಂಗಡಿಸುವ ಕೆಲಸ ಇದೆ. ಪ್ರಾಣಿಗಳ ಹೊಸ ಪ್ರಭೇದಕ್ಕೆ ಹೆಸರಿಡುವ ಅಂತಾರಾಷ್ಟ್ರೀಯ ನಿಯಮಾವಳಿ ಹೆಸರಿಡುವವರ ಪದವಿಯನ್ನೂ ಕೇಳುವುದಿಲ್ಲ, ಸಂಸ್ಥೆಯನ್ನೂ ಕೇಳುವುದಿಲ್ಲ. ಪ್ರಕಟಣೆ ಕ್ರಮಬದ್ಧವಾಗಿರಬೇಕು, ಆಧಾರವಾದ ಮಾದರಿ ಯಾವ ಸಂಗ್ರಹದಲ್ಲಿದೆ ಅಂತ ಹೇಳಬೇಕು, ಅಷ್ಟೇ. ಲೆಕ್ಕ ಮತ್ತು ಕಂಪ್ಯೂಟರ್ ಬಲ್ಲವರಿಗೆ ಇನ್ನೊಂದು ದಾರಿ. ಜಿಬಿಐಎಫ್ ಎಂಬ ಭಂಡಾರದಲ್ಲಿ ಯಾವ ಜೀವಿ ಎಲ್ಲಿ ಯಾವಾಗ ಕಂಡಿತು ಎಂಬ 200 ಕೋಟಿಗೂ ಹೆಚ್ಚು ದಾಖಲೆಗಳು ಎಲ್ಲರಿಗೂ ತೆರೆದಿವೆ. ಜೆನ್‌ಬ್ಯಾಂಕ್‌ನಲ್ಲಿ ಡಿಎನ್ಎ ಸರಣಿಗಳಿವೆ. ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ಕಾಸು ಕೊಡಬೇಕಿಲ್ಲ.

ಪೇಪರ್ ಕಳಿಸುವಾಗ ಸಂಸ್ಥೆಯ ಜಾಗದಲ್ಲಿ ‘ಸ್ವತಂತ್ರ ಸಂಶೋಧಕಿ’ ಅಂತ ಬರೆಯಬಹುದು. ಹೆಚ್ಚಿನ ಒಳ್ಳೆಯ ಜರ್ನಲ್‌ಗಳು ಒಪ್ಪುತ್ತವೆ. ಕೆಲವು ವಿಮರ್ಶಕರು ಒಂದು ಹುಬ್ಬು ಮೇಲೆತ್ತಿ ಓದುತ್ತಾರೆ, ನಿಜ. ಅದಕ್ಕೆ ಮದ್ದು ಕೆಲಸವನ್ನು ತೆರೆದಿಡುವುದು. ಕಚ್ಚಾ ದತ್ತಾಂಶ, ಲೆಕ್ಕದ ಕೋಡ್, ಫೋಟೋ ಎಲ್ಲವನ್ನೂ ಪೇಪರ್ ಜೊತೆ ಎಲ್ಲರಿಗೂ ಸಿಗುವ ಹಾಗೆ ಇಡಿ. ಓರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರಿಗೆ ಸಿಗುವ ಶಾಶ್ವತ ಗುರುತಿನ ಸಂಖ್ಯೆ, ಒಂದನ್ನು ಇವತ್ತೇ ಮಾಡಿಕೊಳ್ಳಿ. ಸಂಸ್ಥೆಯ ಇಮೇಲ್ ನಿಂತುಹೋದರೂ ನಿಮ್ಮ ಕೆಲಸ ನಿಮ್ಮ ಹೆಸರಲ್ಲೇ ಒಂದೆಡೆ ಉಳಿಯುತ್ತದೆ. ದುಡ್ಡಿನ ವಿಷಯದಲ್ಲಿ ಒಂದು ಗೊಂದಲ ಬೇಡ. ಪ್ರಕಟಣೆಗೆ ಲೇಖಕರಿಂದಲೇ ದೊಡ್ಡ ಶುಲ್ಕ ಕೇಳುವುದು ಮುಖ್ಯವಾಗಿ ಎಲ್ಲರಿಗೂ ಉಚಿತವಾಗಿ ತೆರೆದಿರುವ ಜರ್ನಲ್‌ಗಳು. ಅವುಗಳಲ್ಲೂ ಹಲವು ಮನವಿ ಮಾಡಿದರೆ ವಿನಾಯಿತಿ ಕೊಡುತ್ತವೆ. ಚಂದಾ ನಂಬಿದ ಹಳೇ ಜರ್ನಲ್‌ಗಳಲ್ಲಿ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ‘ಒಂದು ವಾರದಲ್ಲಿ ಪ್ರಕಟಿಸುತ್ತೇವೆ’ ಅಂತ ತಾವಾಗಿಯೇ ಇಮೇಲ್ ಕಳಿಸುವವರ ಹತ್ತಿರ ಹೋಗಲೇಬೇಡಿ. ಸಂಸ್ಥೆ ಇಲ್ಲದವರನ್ನು ಅವರು ಹುಡುಕಿಕೊಂಡು ಬರುತ್ತಾರೆ.

ಲೈಬ್ರರಿ ಇಲ್ಲದಿರುವುದು ಮೊದಲೆರಡು ವರ್ಷ ಬಹಳ ನೋಯಿಸುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ. ಪೇಪರ್ ಬೇಕಾದರೆ ಬರೆದವರಿಗೇ ಒಂದು ಇಮೇಲ್ ಹಾಕಿ, ಹೆಚ್ಚಿನವರು ಸಂತೋಷದಿಂದ ಕಳಿಸುತ್ತಾರೆ. ನನ್ನ ಎಷ್ಟೋ ಸ್ನೇಹಗಳು ಶುರುವಾಗಿದ್ದೇ ಹಾಗೆ. ಹಳೆಯ ಜೀವವಿಜ್ಞಾನದ ಪುಸ್ತಕಗಳಂತೂ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಉಚಿತ.

ಅನುಮತಿಯ ವಿಷಯವನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಬಂದ ಎರಡನೇ ವರ್ಷ ನಾನು ಒಂದು ಖಾಸಗಿ ತೋಟದಲ್ಲಿ ಐದು ತಿಂಗಳು ಜೀರುಂಡೆಗಳನ್ನು ಸಂಗ್ರಹಿಸಿದೆ. ಮಾಲೀಕರು ಹೂಂ ಅಂದಿದ್ದರು, ಅದೇ ಸಾಕು ಅಂದುಕೊಂಡಿದ್ದೆ. ಪೇಪರ್ ಒಪ್ಪುವ ಹಂತದಲ್ಲಿ ಸಂಪಾದಕರು ಸರ್ಕಾರದ ಅನುಮತಿ ಪತ್ರದ ಸಂಖ್ಯೆ ಕೇಳಿದರು. ನನ್ನ ಬಳಿ ಇರಲಿಲ್ಲ. ಐದು ತಿಂಗಳ ಕೆಲಸ ಇಂದಿಗೂ ಪೆಟ್ಟಿಗೆಯಲ್ಲಿದೆ. ಸಂಸ್ಥೆಯಲ್ಲಿದ್ದಾಗ ಆ ಕಾಗದಗಳನ್ನೆಲ್ಲ ಆಫೀಸಿನವರು ಮಾಡಿಸುತ್ತಿದ್ದರು, ಹಾಗಾಗಿ ಅವು ಇವೆ ಅಂತಲೇ ನನಗೆ ಗೊತ್ತಿರಲಿಲ್ಲ. ಸಂಗ್ರಹಿಸುವ ಮೊದಲು, ಮಾದರಿಗಳನ್ನು ದೇಶದಿಂದ ದೇಶಕ್ಕೆ ಕಳಿಸುವ ಮೊದಲು, ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅಂತ ಬರಹದಲ್ಲಿ ತಿಳಿದುಕೊಳ್ಳಿ. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ನಂತರ ಗಡಿ ದಾಟುವ ಜೈವಿಕ ಮಾದರಿಗಳ ಮೇಲೆ ಕಣ್ಣು ಇನ್ನೂ ಬಿಗಿಯಾಗಿದೆ.

ಈಗ ದುಡ್ಡಿನ ಮಾತು. ನಿಮ್ಮ ಗೆಳತಿಯ ಪ್ರೀತಿ ದೊಡ್ಡದು, ಆದರೆ ಆಕೆಯ ಲೆಕ್ಕ ತಪ್ಪು. ರೇಚಲ್ ಕಾರ್ಸನ್ ಅವರನ್ನೇ ತೆಗೆದುಕೊಳ್ಳಿ. ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ. 1935ರಲ್ಲಿ ತಂದೆ ತೀರಿಕೊಂಡರು, ಮನೆಯ ಭಾರ ಇವರ ಮೇಲೆ ಬಿತ್ತು. ಅಮೆರಿಕದ ಮೀನುಗಾರಿಕೆ ಇಲಾಖೆಗೆ ರೇಡಿಯೋ ಕಾರ್ಯಕ್ರಮಗಳ ಬರಹ ಮಾಡಿಕೊಡುತ್ತಾ ಒಳಗೆ ಸೇರಿದರು. 1936ರಲ್ಲಿ ಪೂರ್ಣಾವಧಿ ಜೀವವಿಜ್ಞಾನಿಯಾದರು. 1941ರಲ್ಲಿ ಮೊದಲ ಪುಸ್ತಕ ಬಂತು, ಕೆಲವೇ ವಾರದಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು, ಪುಸ್ತಕ ಸರಿಯಾಗಿ ಮಾರಾಟವಾಗಲೇ ಇಲ್ಲ. ಎರಡನೆಯದು ಬಂದಿದ್ದು ಹತ್ತು ವರ್ಷದ ನಂತರ, 1951ರಲ್ಲಿ. ಅದು ಗೆದ್ದಿತು. ಗೆದ್ದ ಮೇಲೆ, 1952ರಲ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಗ ಅವರಿಗೆ 45 ವರ್ಷ. ಅಷ್ಟು ಚೆನ್ನಾಗಿ ಬರೆಯುತ್ತಿದ್ದವರು ಹದಿನೈದು ವರ್ಷಕ್ಕೂ ಜಾಸ್ತಿ ಸಂಬಳದ ಕೆಲಸ ಬಿಟ್ಟಿರಲಿಲ್ಲ.

ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಅವರದು ಇನ್ನೊಂದು ದಾರಿ. ಆಸ್ತಿಯಿಲ್ಲ, ಪದವಿಯಿಲ್ಲ. ಚಿಟ್ಟೆ, ಜೀರುಂಡೆ, ಹಕ್ಕಿಗಳನ್ನು ಸಂಗ್ರಹಿಸಿ ಲಂಡನ್ನಿನ ಏಜೆಂಟ್ ಮೂಲಕ ಮಾರಿ ಬದುಕಿದರು. 1852ರಲ್ಲಿ ಅಮೆಜಾನ್‌ನಿಂದ ವಾಪಸ್ ಬರುವಾಗ ಹಡಗಿಗೆ ಬೆಂಕಿ ಬಿತ್ತು. ವರ್ಷಗಳ ಸಂಗ್ರಹ ಕಣ್ಣೆದುರೇ ಸುಟ್ಟುಹೋಯಿತು. ಹತ್ತು ದಿನ ಸಣ್ಣ ದೋಣಿಯಲ್ಲಿ ತೇಲಿ ಬದುಕಿಬಂದರು. ಏಜೆಂಟ್ ಮುಂಚೆಯೇ ವಿಮೆ ಮಾಡಿಸಿದ್ದರಿಂದ ಕೈಯಲ್ಲಿ ಒಂದಿಷ್ಟು ಹಣ ಉಳಿಯಿತು. ಎರಡು ವರ್ಷದೊಳಗೆ ಮತ್ತೆ ಹೊರಟರು, ಮಲಯ ದ್ವೀಪಗಳಲ್ಲಿ 1854ರಿಂದ 1862ರವರೆಗೆ ಇದ್ದು ಒಂದೂಕಾಲು ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ತಂದರು. ಆಮೇಲೆ ಪುಸ್ತಕ ಬರೆದರು, ಹೆಸರು ಬಂತು. ಆದರೂ ಹೂಡಿಕೆಯಲ್ಲಿ ಹಣ ಕಳೆದುಕೊಂಡು ಪರೀಕ್ಷೆಯ ಪತ್ರಿಕೆ ತಿದ್ದುವ ಕೆಲಸವನ್ನೂ ಮಾಡಬೇಕಾಯಿತು. 1881ರಲ್ಲಿ ಡಾರ್ವಿನ್ ಮುಂತಾದವರು ಓಡಾಡಿ ಸರ್ಕಾರದಿಂದ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಡಿಸಿದ ಮೇಲೆಯೇ ಅವರಿಗೆ ನೆಮ್ಮದಿ ಸಿಕ್ಕಿದ್ದು. ನಿಸರ್ಗದ ಆಯ್ಕೆಯಿಂದ ವಿಕಾಸ ನಡೆಯುತ್ತದೆ ಎಂಬುದನ್ನು ಡಾರ್ವಿನ್ ಹಾಗೆಯೇ ಸ್ವತಂತ್ರವಾಗಿ ಕಂಡುಕೊಂಡ ಮನುಷ್ಯ ಅವರು!

ಫ್ರಾನ್ಸಿನ ಕೀಟ ವಿಜ್ಞಾನಿ ಜಾನ್ ಹೆನ್ರಿ ಫಾಬ್ರ್ ಅವರಂತೂ ನಿಮಗೆ ತುಂಬಾ ಹತ್ತಿರದವರು. ನೀವು ನೋಡುತ್ತಿರುವಂಥ ಮಣ್ಣಿನ ಗೂಡಿನ ಕಣಜಗಳನ್ನೇ ಅವರೂ ನೋಡಿದರು. ಮಂಜಿಷ್ಠೆ ಜಾತಿಯ ಬೇರಿನಿಂದ ಕೆಂಪು ಬಣ್ಣ ತೆಗೆಯುವ ವಿಧಾನವನ್ನು ಸುಧಾರಿಸಿ, ಅದರ ಆದಾಯದಲ್ಲಿ ನಿಶ್ಚಿಂತೆಯಾಗಿ ಹುಳ ನೋಡಿಕೊಂಡಿರಬೇಕು ಎನ್ನುವುದು ಅವರ ಆಸೆ. ಅಷ್ಟರಲ್ಲಿ, 1868ರ ಹೊತ್ತಿಗೆ, ಜರ್ಮನಿಯ ರಸಾಯನ ವಿಜ್ಞಾನಿಗಳು ಅದೇ ಬಣ್ಣವನ್ನು ಕೃತಕವಾಗಿ ಮಾಡಿಬಿಟ್ಟರು. ಬೇರಿನ ಬೆಲೆ ನೆಲಕ್ಕೆ ಬಿತ್ತು. ಮೇಷ್ಟರ ಕೆಲಸವೂ ಹೋಯಿತು. ಅವರನ್ನು ಉಳಿಸಿದ್ದು ಶಾಲಾಮಕ್ಕಳಿಗಾಗಿ ಬರೆದ ಸಾಲುಸಾಲು ಪಠ್ಯಪುಸ್ತಕಗಳು. ಆ ದುಡ್ಡಿನಲ್ಲಿ 1879ರಲ್ಲಿ, 55 ದಾಟಿದ ಮೇಲೆ, ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಕಲ್ಲು ಮುಳ್ಳಿನ ಒಂದು ತುಂಡು ಜಮೀನು ಕೊಂಡು ಹುಳಗಳ ನಡುವೆ ಕೂತರು.

ಮೂವರಲ್ಲೂ ನಾನು ನೋಡುವುದು ಒಂದೇ. ಪ್ರೀತಿಯ ಪ್ರಶ್ನೆಗೆ ಅನ್ನ ಹಾಕು ಅಂತ ಅವರು ಕೇಳಲಿಲ್ಲ. ಇಲಾಖೆಯ ಕೆಲಸ, ಮಾದರಿ ಮಾರಾಟ, ಪಠ್ಯಪುಸ್ತಕ, ಹೀಗೆ ಪಕ್ಕದ ಇನ್ನೊಂದು ದುಡಿಮೆ ಮನೆ ನಡೆಸಿತು. ನನ್ನ ಅನುಭವವೂ ಅದೇ. ನನ್ನ ಆದಾಯದ ದೊಡ್ಡ ಭಾಗ ಬಂದಿದ್ದು ಬೇರೆಯವರ ಸಂಶೋಧನಾ ಪೇಪರ್‌ಗಳನ್ನು ತಿದ್ದಿಕೊಟ್ಟು, ಪಠ್ಯ ಬರೆದು, ಜೀವಿಗಳ ಸಮೀಕ್ಷೆ ಮಾಡಿ, ತರಬೇತಿ ಕೊಟ್ಟು. ಪತ್ರಿಕೆಯ ಲೇಖನಗಳಿಂದ ಬಂದಿದ್ದು ಅದಕ್ಕಿಂತ ಕಡಿಮೆ. ಪುಸ್ತಕಗಳಿಂದ ಇನ್ನೂ ಕಡಿಮೆ. ಮಕ್ಕಳ ಹಾಗೆ ನೋಡಿಕೊಂಡ ಜೀರುಂಡೆಗಳಿಂದ ಒಂದು ಕಾಸೂ ಬಂದಿಲ್ಲ, ಬರಬೇಕು ಅಂತ ನಾನು ಕೇಳಿಯೂ ಇಲ್ಲ.

ಪುಸ್ತಕದ ಲೆಕ್ಕ ಹೇಗೆ ಅಂತ ನಿಮ್ಮ ಗೆಳತಿಗೂ ಗೊತ್ತಾಗಲಿ. ಪ್ರಕಾಶಕರು ಮುಂಗಡ ಕೊಟ್ಟರೆ ಅದು ಮುಂದೆ ಬರಬೇಕಾದ ರಾಯಲ್ಟಿಯಲ್ಲೇ ಕಡಿತವಾಗುತ್ತದೆ. ನಿಮ್ಮ ಪಾಲಿನ ರಾಯಲ್ಟಿ ಆ ಮುಂಗಡವನ್ನು ದಾಟುವ ತನಕ ಮತ್ತೆ ಹಣ ಬರುವುದಿಲ್ಲ. ಬಹಳ ಪುಸ್ತಕಗಳು ದಾಟುವುದೇ ಇಲ್ಲ. ಕರಾರನ್ನು ಓದಿ, ಪ್ರತಿ ಸಾಲನ್ನೂ ಓದಿ. ಮೊದಲ ವರ್ಷ ನನಗೆ ದೊಡ್ಡ ಅವಕಾಶ ಸಿಕ್ಕಿತು ಅಂತ ಖುಷಿಯಲ್ಲಿ ಸಹಿ ಹಾಕಿದೆ. ಲೇಖನ, ಚಿತ್ರ, ಎಲ್ಲದರ ಹಕ್ಕನ್ನೂ ಶಾಶ್ವತವಾಗಿ ಬರೆದುಕೊಟ್ಟಿದ್ದೆ. ನಾಲ್ಕು ವರ್ಷದ ನಂತರ ಅದೇ ಬರಹ ಒಂದು ಪಠ್ಯದಲ್ಲಿ ಬಂತು, ನನಗೆ ಬಿಡಿಗಾಸೂ ಇಲ್ಲ. ನಾನೇ ತೆಗೆದ ಫೋಟೋವನ್ನು ನನ್ನದೇ ಪುಸ್ತಕದಲ್ಲಿ ಹಾಕಲು ಅವರ ಅನುಮತಿ ಕೇಳಬೇಕಾಯಿತು. ‘ಒಮ್ಮೆ ಪ್ರಕಟಿಸುವ ಹಕ್ಕು ಮಾತ್ರ’ ಅಂತ ಕೇಳಿ ನೋಡಿ. ಕೇಳಿದ್ದಕ್ಕೆ ಕೆಲಸ ಕಳೆದುಕೊಂಡ ನೆನಪು ನನಗಿಲ್ಲ. ಹಣ ಲೇಖನ ಒಪ್ಪಿದಾಗಲೋ, ಅಚ್ಚಾದಾಗಲೋ ಅನ್ನುವುದನ್ನೂ ಕೇಳಿ. ಅವೆರಡರ ನಡುವೆ ಅರ್ಧ ವರ್ಷ ಹೋಗಬಹುದು.

ಈಗ ಯಂತ್ರಗಳೂ ಬರೆಯುತ್ತಿವೆ. ಒಂದು ಪೇಪರ್ ಓದಿ ಸಾರಾಂಶ ಬರೆದುಕೊಡುವ ಕೆಲಸ, ಮಾಮೂಲಿ ಅನುವಾದ, ಇವು ನನಗೆ ಬರುವುದು ಎರಡು ಮೂರು ವರ್ಷದಿಂದ ಕಡಿಮೆಯಾಗಿದೆ. ಫಾಬ್ರ್‌ಗೆ ಕೃತಕ ಬಣ್ಣ ಮಾಡಿದ್ದೂ ಇದನ್ನೇ. ಹಾಗಾಗಿ ಒಂದೇ ಬಗೆಯ ಕೆಲಸದ ಮೇಲೆ ಮನೆ ನಿಲ್ಲಿಸಬೇಡಿ. ಯಾವ ಯಂತ್ರವೂ ನಿಮ್ಮ ಬಾಲ್ಕನಿಯಲ್ಲಿ ಕೂತಿಲ್ಲ. ತಾನೇ ಕಣ್ಣಾರೆ ಕಂಡಿದ್ದನ್ನು ಬರೆಯುವವರ ಹತ್ತಿರ ಸಂಪಾದಕರು ಇಂದಿಗೂ ಬರುತ್ತಾರೆ.

ಬರವಣಿಗೆಯಲ್ಲಿ ನಿಮಗಿರುವ ಬಲ ಒಂದಿದೆ, ಅದನ್ನು ಮರೆಯಬೇಡಿ. ‘ಈ ಎಲೆಯ ರಸ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ’ ಅಂತ ಒಂದು ಸುದ್ದಿ ಬರುತ್ತದೆ. ನೀವು ಮೂಲ ಪೇಪರ್ ತೆಗೆದು ನೋಡುತ್ತೀರಿ. ಕೊಂದಿದ್ದು ಗಾಜಿನ ತಟ್ಟೆಯಲ್ಲಿ. ರಸದ ಪ್ರಮಾಣ ಮನುಷ್ಯರ ರಕ್ತದಲ್ಲಿ ಎಂದೂ ಸಿಗದಷ್ಟು ಜಾಸ್ತಿ. ಪಕ್ಕದಲ್ಲಿ ಆರೋಗ್ಯವಂತ ಕೋಶಗಳನ್ನು ಇಟ್ಟು ಹೋಲಿಸಿಲ್ಲ. ಆ ತಟ್ಟೆಗೆ ಬ್ಲೀಚಿಂಗ್ ದ್ರಾವಣ ಸುರಿದರೂ ಕೋಶಗಳು ಸಾಯುತ್ತವೆ, ಅಲ್ವಾ? ಇದನ್ನು ಐದು ನಿಮಿಷದಲ್ಲಿ ಹಿಡಿಯಲು ಹತ್ತು ವರ್ಷದ ತರಬೇತಿ ಬೇಕು, ಅದು ನಿಮಗಿದೆ. ಓದುವವರ ಮನೆಯಲ್ಲಿ ಒಬ್ಬ ರೋಗಿ ಇರಬಹುದು. ನೀವು ಹಿಡಿದ ಆ ತಪ್ಪು ಅವರಿಗೆ ಎಷ್ಟು ದೊಡ್ಡ ಉಪಕಾರ ಅಂತ ಯೋಚಿಸಿ.

ಅದೇ ಜಾಗದಲ್ಲಿ ಅಪಾಯವೂ ಇದೆ. 2008ರಲ್ಲಿ ಇಂಗ್ಲೆಂಡಿನಲ್ಲಿ ವಿಜ್ಞಾನ ಬರಹಗಾರ ಸೈಮನ್ ಸಿಂಗ್ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು (ಕೈರೋಪ್ರಾಕ್ಟರ್‌ಗಳು) ಹೇಳಿಕೊಳ್ಳುವುದನ್ನು ಪ್ರಶ್ನಿಸಿ ಪತ್ರಿಕೆಯಲ್ಲಿ ಬರೆದರು. ಚಿಕಿತ್ಸಕರ ಸಂಘ ಮಾನನಷ್ಟ ಮೊಕದ್ದಮೆ ಹೂಡಿದ್ದು ಪತ್ರಿಕೆಯ ಮೇಲಲ್ಲ, ಅವರೊಬ್ಬರ ಮೇಲೆ. 2010ರಲ್ಲಿ ಸಂಘ ಹಿಂದೆ ಸರಿಯಿತು, ಅಷ್ಟರಲ್ಲಿ ಅವರ ಎರಡು ವರ್ಷ ಹೋಗಿತ್ತು. ಹೊರಗಿರುವವರ ಬೆನ್ನಿಗೆ ಸಂಸ್ಥೆಯ ವಕೀಲರು ಇರುವುದಿಲ್ಲ. ಕೀಟನಾಶಕಗಳ ಬಗ್ಗೆ 1962ರಲ್ಲಿ ಪುಸ್ತಕ ತರುವ ಮುನ್ನ ಕಾರ್ಸನ್ ಅಧ್ಯಾಯಗಳನ್ನು ಆಯಾ ವಿಷಯದ ತಜ್ಞರಿಗೆ ಓದಿಸಿದ್ದರು. ಕೊನೆಯಲ್ಲಿ 55 ಪುಟ ಬರೀ ಆಧಾರಗಳನ್ನೇ ಕೊಟ್ಟಿದ್ದರು. ಒಂದು ಕಂಪನಿ ಮೊಕದ್ದಮೆಯ ಬೆದರಿಕೆ ಹಾಕಿತು, ಪುಸ್ತಕ ನಿಂತಿತು. ಇನ್ನೊಂದು ಮಾತು, ನೀವು ಯಾವುದಾದರೂ ಕಂಪನಿಗೆ ಸಮೀಕ್ಷೆ ಮಾಡಿಕೊಟ್ಟರೆ, ಆ ಯೋಜನೆಯ ಬಗ್ಗೆ ಲೇಖನ ಬರೆಯಬೇಡಿ. ಬರೆಯಲೇಬೇಕಾದರೆ ಹಣ ಪಡೆದಿದ್ದನ್ನು ಮೊದಲ ಸಾಲುಗಳಲ್ಲೇ ಹೇಳಿ. ಸ್ವತಂತ್ರ ಎಂಬ ಪದಕ್ಕೆ ಇರುವ ಬೆಲೆಯೇ ಅದು.

ಹಾಗಾದರೆ ಎಂಟು ತಿಂಗಳಲ್ಲಿ ಏನು ಮಾಡುವುದು? ನಾಳೆಯೇ ರಾಜೀನಾಮೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸಂಬಳ, ಲೈಬ್ರರಿ, ಮೈಕ್ರೋಸ್ಕೋಪ್ ಇರುವಾಗಲೇ ಮುಗಿಸಬಹುದಾದ ಎರಡು ಪೇಪರ್ ಮುಗಿಸಿ. ಪಿಡಿಎಫ್‌ಗಳನ್ನು, ನಿಮಗೆ ಹಕ್ಕಿರುವ ದತ್ತಾಂಶವನ್ನು ನಿಮ್ಮದೇ ಕಂಪ್ಯೂಟರಿಗೆ ತಂದುಕೊಳ್ಳಿ. ಇನ್ನೊಂದು ಪೋಸ್ಟ್‌ಡಾಕ್ ಸಿಕ್ಕರೆ? ಕಾಯಂ ಹುದ್ದೆಗೆ ಅದು ನಿಜಕ್ಕೂ ಹತ್ತಿರ ಒಯ್ಯುತ್ತದೆಯೇ ಅಂತ ಕೇಳಿಕೊಳ್ಳಿ. ಸುಮ್ನೆ ನಿರ್ಧಾರವನ್ನು ಎರಡು ವರ್ಷ ಮುಂದಕ್ಕೆ ಹಾಕುವುದಷ್ಟೇ ಆದರೆ ಬೇಡ. ನನಗೆ ಹೆಚ್ಚು ಸರಿ ಎನಿಸುವುದು ನಡುವಿನ ದಾರಿ: ಅರ್ಧ ದಿನದ ಪಾಠ, ಜರ್ನಲ್‌ಗೆ ಸಂಪಾದನೆ, ಮ್ಯೂಸಿಯಂ ಸಂಗ್ರಹದ ಕೆಲಸ, ಇಂಥ ಒಂದು ಸ್ಥಿರ ಆದಾಯ, ಉಳಿದ ಹೊತ್ತು ನಿಮ್ಮದು. ಅದರ ಕಷ್ಟವೂ ಗೊತ್ತಿರಲಿ. ಅರ್ಧ ದಿನದ ಕೆಲಸ ಮುಕ್ಕಾಲು ದಿನ ತಿನ್ನುತ್ತದೆ. ಬೆಳಗಿನ ಎರಡು ಗಂಟೆಯನ್ನು ಯಾರಿಗೂ ಬಿಟ್ಟುಕೊಡದೆ ಇಟ್ಟುಕೊಳ್ಳಬೇಕು.

ಬಿಡುವ ಮೊದಲು ಒಂದು ವರ್ಷದ ಮನೆ ಖರ್ಚು ಕೈಯಲ್ಲಿರಲಿ. ಕಳೆದ ಎರಡು ವರ್ಷದ ಲೇಖನಗಳಿಂದ ಎಷ್ಟು ಬಂತು, ಒಂದೊಂದಕ್ಕೆ ಎಷ್ಟು ದಿನ ಹಿಡಿಯಿತು ಅಂತ ಕಾಗದದ ಮೇಲೆ ಬರೆಯಿರಿ. ಆರೋಗ್ಯ ವಿಮೆ, ವಯಸ್ಸಾದ ಮೇಲಿನ ಉಳಿತಾಯ, ಇವು ಇನ್ನು ಮುಂದೆ ನಿಮ್ಮ ಜೇಬಿನಿಂದಲೇ. ಆ ಕಾಗದವನ್ನು ಮುಂದಿಟ್ಟುಕೊಂಡು ಗಂಡನ ಜೊತೆ ಕೂತು ಮಾತಾಡಿ. ಅವರ ಸಂಬಳ ಈ ದಾರಿಯ ದೊಡ್ಡ ಆಸರೆ. ಎಷ್ಟು ವರ್ಷ, ಎಷ್ಟರ ಮಟ್ಟಿಗೆ ಅಂತ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡರೆ ಮುಂದೆ ಮನಸ್ತಾಪ ಬರುವುದಿಲ್ಲ. ನಾನು ಆ ಮಾತನ್ನು ಮನೆಯಲ್ಲಿ ಬಹಳ ತಡವಾಗಿ ಆಡಿದೆ.

ಕೊನೆಗೆ ನೋಟ್‌ಬುಕ್‌ಗಳು. ಬೆಲೆ ಇದೆ. ಐದು ವರ್ಷ, ಒಂದೇ ಜಾಗ, ಒಂದೇ ಜೊತೆ ಕಣ್ಣು: ಇಂಥ ದಾಖಲೆ ಸುಲಭಕ್ಕೆ ಸಿಗುವುದಿಲ್ಲ. ಕಣಜ ಮಣ್ಣಿನ ಉಂಡೆ ತಂದು ಕೋಣೆ ಕಟ್ಟುತ್ತದೆ, ಕುಟುಕಿ ಮರಗಟ್ಟಿಸಿದ ಜೇಡಗಳನ್ನು ತುಂಬುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಕೊನೆಗೆ ಬಾಯಿ ಮುಚ್ಚುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ನಿಮ್ಮ ಪುಟಗಳಲ್ಲಿ ಇರಬಹುದಾದದ್ದು ಬೇರೆ. ಬಿಸಿ ಜಾಸ್ತಿಯಾದ ವರ್ಷ ಮೊದಲ ಗೂಡು ಯಾವ ದಿನ ಬಂತು? ಒಂದು ಕೋಣೆಗೆ ಎಷ್ಟು ಸುತ್ತು ಮಣ್ಣು? ತಂದ ಜೇಡಗಳು ವರ್ಷದಿಂದ ವರ್ಷಕ್ಕೆ ಬದಲಾದವಾ? ಹಸಿರು ನೀಲಿ ಮಿಂಚುವ ಪುಟ್ಟ ಪರಾವಲಂಬಿ ಕಣಜ ಗೂಡಿನ ಬಳಿ ಸುಳಿದಾಡಿದ ದಿನ ತಾಯಿ ಕಣಜ ಎಷ್ಟು ಹೊತ್ತು ಗೂಡು ಬಿಟ್ಟು ಹೋಗಲಿಲ್ಲ?

ಈ ವಾರವೇ ಎಲ್ಲ ಪುಟಗಳ ಫೋಟೋ ತೆಗೆದು ಎರಡು ಬೇರೆ ಜಾಗದಲ್ಲಿ ಇಡಿ. ಆಮೇಲೆ ಒಂದೊಂದು ಸಾಲನ್ನೂ ಎಕ್ಸೆಲ್ ಹಾಳೆಗೆ ಏರಿಸಿ: ದಿನ, ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ಗೂಡಿನ ಸಂಖ್ಯೆ, ಕಂಡಿದ್ದು. ಕೂತು ನೋಡಿದರೂ ಒಂದು ಕಣಜವೂ ಬಾರದ ದಿನಗಳು ಇರುತ್ತವಲ್ಲ, ಅವನ್ನು ‘ಏನೂ ಇಲ್ಲ’ ಅಂತ ಬಿಡಬೇಡಿ. ಆ ದಿನಕ್ಕೆ ಸೊನ್ನೆ ಹಾಕಿ. ನೋಡಲೇ ಇಲ್ಲದ ದಿನಕ್ಕೆ ಸೊನ್ನೆ ಬೇಡ, ಜಾಗ ಖಾಲಿ ಇರಲಿ. ಈ ಎರಡೂ ಬೆರೆತುಹೋದರೆ ಐದು ವರ್ಷದ ದಾಖಲೆಯಿಂದ ಏನನ್ನೂ ಹೇಳಲು ಆಗುವುದಿಲ್ಲ. ಯಾವ ದಿನ ನೋಡಿದಿರಿ, ಯಾವ ದಿನ ನೋಡಲಿಲ್ಲ ಅಂತ ನೆನಪು ಮಾಸುವ ಮೊದಲು ಮೊದಲನೇ ನೋಟ್‌ಬುಕ್‌ನಿಂದಲೇ ಶುರು ಮಾಡಿ. ಹಾಳೆ ಸಿದ್ಧವಾದ ಮೇಲೆ ನನಗೊಂದು ಪ್ರತಿ ಕಳಿಸಿ, ಇಬ್ಬರೂ ಕೂತು ನೋಡೋಣ.